ಕೊಟ್ಟಿಗೆಯ ಗೂಡಿನ ಕಪ್ಪು-ಬಸಿ

ಕಪ್ಪು-ಬಸಿಯ ಹುಚ್ಚಿನ ನನ್ನವ್ವಾ,

ಸವಣೂರಿನ ಗುಜರಿ ಅಂಗಡಿಯಲ್ಲಿ ನೀನು ಒಂದು ಕಪ್ಪು ಹಿಡಿದುಕೊಂಡು ಎಷ್ಟೋ ಹೊತ್ತು ನಿಂತದ್ದು ನೆನಪಿದೆಯಾ? ಅದರ ಮೇಲಿನ ಹೂವನ್ನು ಉಗುರಿನಿಂದ ಸವರಿ, "ಇದು ಕೈಲೆ ಬರದದ್ದು ನೋಡ, ಬಣ್ಣ ಉಬ್ಬೇತಿ" ಎಂದೆ. ಅಂಗಡಿಯ ಸಾಬರು ನಕ್ಕರು. "ಏ ಯವ್ವಾ, ಮಂದಿ ಸ್ಟೀಲ್ ಕೇಳ್ತಾರ, ನೀ ಒಬ್ಬಾಕಿನ ಇಂಗ್ಲಿಷರ ಹಳೆ ಕಪ್ಪ ಹುಡುಕ್ಕೋತ ಬರಾಕಿ!" ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರು, ಸಂತೆ ಇದ್ದಲ್ಲೆಲ್ಲ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದೆ. ಬಸ್ಸಿನಲ್ಲಿ ಕಪ್ಪು ನಿನ್ನ ಮಡಿಲಲ್ಲಿ, ಚೀಲವೆಲ್ಲ ನನ್ನ ಕಾಲಮೇಲೆ. ಎಂಥ ಸಿಟ್ಟು ಬರುತ್ತಿತ್ತು ನನಗೆ. ನನ್ನ ಬಾಯಿ ನಿನಗೆ ಗೊತ್ತೇ ಇದೆಯಲ್ಲ.

ಈ ಹುಚ್ಚು ಶುರುವಾದದ್ದು ಗೌಡರ ಕೊಟ್ಟಿಗೆಯಿಂದ. ಒಂದು ರಾತ್ರಿ ಹಂಚಿಗೆ ರೊಟ್ಟಿ ಹಾಕುತ್ತ ನೀನೇ ಹೇಳಿದ್ದೆ. ಗೌಡರ ಹಿರಿಯರಿಗೆ ಸವಣೂರಿನ ಯಾರೋ ದೊಡ್ಡವರು ಮದುವೆಗೆ ಉಡುಗೊರೆ ಕೊಟ್ಟ ಸೆಟ್ಟು ಅದು. ಆ ಮಣ್ಣಿನಲ್ಲಿ ಎಲುಬಿನ ಪುಡಿ ಕಲಸಿರುತ್ತದೆ ಎಂದು ಯಾರೋ ಹೇಳಿದ್ದೇ ತಡ, ಪೂಜೆಯ ಮನೆಯಲ್ಲಿ ಅದು ಇರಬಾರದು ಎಂದಾಯಿತು. ಒಡೆಯಲು ಮನಸ್ಸು ಬರದೆ ಕೊಟ್ಟಿಗೆಯ ಗೂಡಿನಲ್ಲಿಟ್ಟರು, ನಿಮ್ಮಂಥ ಕೂಲಿಯವರ ಚಹಾಕ್ಕೆ. ಕಪ್ಪಿನಡಿಯ ಬಸಿಗಳಲ್ಲಿ ಬೆಕ್ಕಿಗೆ ಹಾಲು. ಒಳಗಿನವರು ಹಿತ್ತಾಳೆಯ ಲೋಟದಲ್ಲಿ ಕುಡಿದರೆ, ನೀವು ಹೊರಗೆ ಕುಕ್ಕರಗಾಲಲ್ಲಿ ಕುಂತು ಇಂಗ್ಲಿಷರು ಕೈಯಿಂದ ಬರೆದ ಹೂವಿನ ಕಪ್ಪಿನಲ್ಲಿ! ಹೇಳಿ ಹೇಳಿ ನೀನು ನಗುತ್ತಿದ್ದೆ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಕೊಟ್ಟಿಗೆ ಕೆಡವಿದ ದಿನ ಆ ಆರು ಕಪ್ಪು-ಬಸಿಗಳನ್ನು ನೀನು ತಿಪ್ಪೆಯಿಂದ ಆರಿಸಿ ತಂದೆ. ಆಮೇಲೆ ಅವುಗಳ ಜೊತೆಗೆ ಮತ್ತೊಂದು, ಮಗದೊಂದು ಎಂದು ಗಾಜಿನ ಕಪಾಟು ತುಂಬಿತು. ನೀನು ಹೋದ ಮೇಲೆ ಅದನ್ನು ಒರೆಸುವವಳು ನಾನೇ. ಹಾನಗಲ್ಲಿನ ಟೇಲರಿಂಗ್ ಅಂಗಡಿಯಿಂದ ದಣಿದು ಬಂದರೂ ಒಂದೊಂದನ್ನೇ ತೆಗೆದು ಒರೆಸುತ್ತೇನೆ. ಆದರೆ ಆ ಆರರಲ್ಲಿ ನೀನು ಕುಡಿಯುತ್ತಿದ್ದದ್ದು ಯಾವುದು? ಕೇಳಬೇಕು ಎಂದು ಒಮ್ಮೆಯೂ ನನಗೆ ಹೊಳೆಯಲಿಲ್ಲವಲ್ಲ ಅವ್ವಾ...

ಹೋದ ವಾರ ನಿನ್ನ ಮಗ ಸಿದ್ದು ಮಿಲ್ಲಿನಿಂದ ಬಂದವನೇ ಚಪ್ಪಲಿ ಸಹ ಬಿಡದೆ ಬಾಗಿಲಲ್ಲಿ ನಿಂತ. ಈಗ ಅವನು ಗೌಡರ ಅಕ್ಕಿ ಮಿಲ್ಲಿನಲ್ಲೇ ಆಪರೇಟರ್, ನಿನಗೆ ಗೊತ್ತು. ಫೋನಿನಲ್ಲಿದ್ದ ನಿನ್ನ ಕಪಾಟಿನ ಫೋಟೋವನ್ನು ಹುಮ್ಮಸ್ಸಿನಲ್ಲಿ ಈಗಿನ ಗೌಡರಿಗೇ ತೋರಿಸಿಬಿಟ್ಟಿದ್ದಾನೆ, ಹುಚ್ಚಪ್ಪ. "ಅಕ್ಕಾ, ಗೌಡ್ರು ಕಪ್ಪ ವಾಪಸ್ ಕೇಳಾಕತ್ತಾರ. ನಾಳೆ ಮನಿಗೆ ಬರ್ತಾರಂತ. ಕೊಟ್ಟಬಿಡೂಣು."

"ತಿಪ್ಪ್ಯಾಗ ಒಗದಾಗ ಅವು ಯಾರವು ಇದ್ದವು?" ಎಂದೆ.

"ನಿನಗೇನಕ್ಕಾ, ನಿನ್ನ ಮಷಿನ್ ನಿನ್ನ ಕೈಯಾಗ ಐತಿ. ನನ್ನ ಹೊಟ್ಟಿ ಮ್ಯಾಲ ಹೊಡಿಬ್ಯಾಡ" ಎಂದ. ಅವನಿಗೆ ಎರಡು ಕೂಸುಗಳಿವೆ ಅವ್ವಾ. ಆ ರಾತ್ರಿ ನಾವಿಬ್ಬರೂ ಸರಿಯಾಗಿ ಉಣ್ಣಲಿಲ್ಲ.

ಮರುದಿನ ಕಾರು ನಿಂತಾಗ ಗೌಡರ ಹಿಂದೆ ಕೋಲೂರಿಕೊಂಡು ಇಳಿದದ್ದು ಯಾರು ಅಂತೀ? ಅವರವ್ವ, ಗೌಡಸಾನಿ! ಅದೇ, ನಿಮಗೆ ಚಹಾ ಹೊಯ್ಯುತ್ತಿದ್ದಾಕೆ, ಈಗ ಹಣ್ಣು ಹಣ್ಣು ಮುದುಕಿ. ನಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ಬಂದು ಬುದ್ಧನ ಫೋಟೋದ ಕೆಳಗೆ ಖುರ್ಚಿಯಲ್ಲಿ ಕುಳಿತಳು. ಗೌಡರದು ಬೆಣ್ಣೆಯಂಥ ಮಾತು. "ಇವು ನಮ್ಮಜ್ಜನ ಕಾಲದ್ದು, ತಂಗಿ. ಮಗಳ ನಿಶ್ಚಯಕ್ಕ ಪಡಸಾಲ್ಯಾಗ ಇಡಬೇಕಂತ ಮಾಡೇವಿ. ನಿಮಗ ಇದಕ್ಕಿಂತ ಚೊಲೋ ಸೆಟ್ ತಂದು ಕೊಡ್ತೇನಿ." ಹೇಳಿ ಸಿದ್ದುವಿನ ಕಡೆ ಒಮ್ಮೆ ನೋಡಿದರು, ಅಷ್ಟೇ. ಸಿದ್ದು ತಲೆ ಬಗ್ಗಿಸಿದ.

ನನಗೆ ಏನಾಯಿತೋ. ಒಳಗೆ ಹೋಗಿ ಚಹಾ ಕುದಿಸಿದೆ. ಆರೂ ಕಪ್ಪುಗಳನ್ನು ತಾಟಿನಲ್ಲಿಟ್ಟು, ತುಂಬ ಹೊಯ್ದು ತಂದೆ. ಹೆಜ್ಜೆ ಹೆಜ್ಜೆಗೂ ಬಸಿಗಳು ಗಲಗಲ ಎನ್ನುತ್ತಿದ್ದವು. "ನಿಮ್ಮವ ಆದ್ರ, ನಮ್ಮ ಮನ್ಯಾಗ ಕುಂತು ಇದರಾಗ ಕುಡೀರಿ. ಕುಡದವ್ರು, ಕುಡದ ಕಪ್ಪ ಒಯ್ರಿ. ನಾ ಬ್ಯಾಡ ಅನ್ನಂಗಿಲ್ಲ" ಎಂದೆ.

ಸಿದ್ದು ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಗೌಡರು ತಾಟು ನೋಡಿದರು, ನನ್ನನ್ನು ನೋಡಿದರು. "ನನಗ ಶುಗರ್ ಐತಲ್ಲ, ತಂಗಿ."

"ಸಕ್ಕರಿ ಹಾಕಿಲ್ರಿ."

ಚಹಾದ ಮೇಲೆ ಕೆನೆ ಕಟ್ಟತೊಡಗಿತು. ಆಗ ಗೌಡಸಾನಿ ಕೈ ಚಾಚಿದಳು. ಹತ್ತಿರ ಇದ್ದದ್ದನ್ನು ಬಿಟ್ಟಳು, ಅದರ ಪಕ್ಕದ್ದನ್ನೂ ಬಿಟ್ಟಳು. ಬಗ್ಗಿ ಬಗ್ಗಿ ನೋಡಿ ಆಚೆ ತುದಿಯಲ್ಲಿದ್ದ ಒಂದನ್ನು ಎತ್ತಿದಳು. ಸೀಳು ಇಲ್ಲದ್ದು ಆರಿಸುತ್ತಿದ್ದಾಳೆ, ಬೆರಕಿ ಮುದುಕಿ, ಎಂದುಕೊಂಡೆ. "ಅವ್ವಾ..." ಎಂದು ಗೌಡರು ತಡೆಯಲು ಹೋದರು. ಅವಳು ಬಸಿಗೆ ಸುರಿದುಕೊಂಡು, ಊದಿ, ಸೊರ್ ಎಂದು ಕುಡಿದೇಬಿಟ್ಟಳು. ಕೊನೆಯ ಗುಟುಕಿನವರೆಗೂ.

ಆಮೇಲೆ ಖಾಲಿ ಕಪ್ಪನ್ನು ನನ್ನ ಕಡೆ ತಿರುಗಿಸಿದಳು. "ಇದು ನಿಮ್ಮವ್ವ ಶಾಂತವ್ವಂದು. ದಿನಾ ಇದನ್ನ ಹಿಡಿತಿದ್ಲು. ಬ್ಯಾರೆದವ್ರು ಮುಟ್ಟಿದ್ರ ಕಸಗೋತಿದ್ಲು. ಈ ಒಂದ ಮೊಗ್ಗಿಗೆ ಬಣ್ಣ ಹಾಕೂದು ಮರತಾನ ನೋಡ, ಬರದಾಂವ. ಮ್ಯಾಲಿಂದ ಹೊಯ್ಯಾಕಿ ನಾನ ಅಲ್ಲೇನ, ದಿನಾ ಕಾಣ್ತಿತ್ತು."

ಅವ್ವಾ, ಅಷ್ಟು ವರ್ಷ ಒರೆಸಿದ್ದೇನೆ, ಆ ಬಿಳಿ ಮೊಗ್ಗು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಿನ್ನ ಕಪ್ಪು ಯಾವುದೆಂದು ನನಗೆ ಗೊತ್ತಾದದ್ದು ಆ ಗಳಿಗೆಯಲ್ಲಿ. ಅದೇ ಗಳಿಗೆಯಲ್ಲಿ ಅದು ನನ್ನ ಕೈಬಿಟ್ಟು ಹೋಗುವುದಿತ್ತು. "ಬ್ಯಾರೆದ್ದು ಒಯ್ರಿ. ಬೇಕಾದ್ರ ಐದೂ ಒಯ್ರಿ, ಅದೊಂದು ಬಿಡ್ರಿ" ಎಂದು ಬಾಯಿ ಬಿಟ್ಟು ಬೇಡಿಕೊಂಡೆ. ನಾನು! ನಿನ್ನ ಮಗಳು, ಅವಳ ಮುಂದೆ ಬೇಡಿಕೊಂಡೆ.

"ನೀನ ಅಂದಿ, ಕುಡದ ಕಪ್ಪ ಒಯ್ರಿ ಅಂತ" ಎಂದು ಅವಳು ಕಪ್ಪನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ಇನ್ನ ಮ್ಯಾಲ ನಾ ಮನ್ಯಾಗ ಇದರಾಗ ಕುಡಿಯಾಕಿ." ಮಗನ ಕಡೆ ತಿರುಗಿ, "ನೀ ಕುಡದಿಲ್ಲ. ಏಳ" ಎಂದಳು. ಗೌಡರು ಎದ್ದು ಹೋದರು. ಕಾರು ಹೋದ ಮೇಲೆ ನಾನು ಅಡುಗೆಮನೆಯಲ್ಲಿ ಕುಳಿತು ಬಿಕ್ಕಿ ಬಿಕ್ಕಿ ಅತ್ತೆ. ಅವಳು ಮಾಡಿದ್ದು ನಿನ್ನ ಮೇಲಿನ ಅಕ್ಕರೆಯೋ, ಸೊಕ್ಕೋ, ನನಗೆ ಇವತ್ತಿಗೂ ತಿಳಿಯುತ್ತಿಲ್ಲ.

ಸಿದ್ದುವನ್ನು ಮಿಲ್ಲಿನಲ್ಲಿ ಈವರೆಗೆ ಯಾರೂ ಏನೂ ಅಂದಿಲ್ಲ. ಗೌಡರು ಅವನ ಜೊತೆ ಮಾತು ಬಿಟ್ಟಿದ್ದಾರೆ. ದಿನಾ ಸಂಜೆ ಅವನು ಬರುವ ತನಕ ನನ್ನ ಜೀವ ಜೀವದಲ್ಲಿರುವುದಿಲ್ಲ.

ಅವ್ವಾ, ನೀನು ಸಾಯುವ ತನಕ ಆ ಮನೆಯ ಪಡಸಾಲೆಗೆ ಕಾಲಿಡಲಿಲ್ಲ. ನಿನ್ನ ಕಪ್ಪು ಈಗ ಅದರ ಅಡುಗೆಮನೆಯಲ್ಲಿದೆ. ಬರುವ ಆದಿತ್ಯವಾರ ನಾನು ಅಲ್ಲಿಗೆ ಹೋಗುವವಳು. ಸಿದ್ದು ಬೇಡವೇ ಬೇಡ ಎಂದು ಕೈ ಮುಗಿದಿದ್ದಾನೆ, ಆದರೂ ಹೋಗುತ್ತೇನೆ. ಮುಂಬಾಗಿಲಿನಿಂದ ಹೋಗಿ, ಪಡಸಾಲೆಯಲ್ಲಿ ಕುಳಿತು, ಗೌಡಸಾನಿಗೆ ಹೇಳುತ್ತೇನೆ: ನಮ್ಮವ್ವನ ಕಪ್ಪಿನ್ಯಾಗ ನನಗೊಂದು ಚಹಾ ಕೊಡ್ರಿ.

ನಿನ್ನ ಮಗಳು