ಒಂದು ದೀರ್ಘ ಹೆಚ್ಚಾದ ಅಜ್ಜಿ

ಸೋಮವಾರ, 9. ಆಫೀಸು, ಬೆಳಿಗ್ಗೆ 11

ಮತ್ತೆ ಕನ್ನಡಿಗೇ ಗುದ್ದಿದರು. ನಮ್ಮ ವಿಡಿಯೋ ಗೇಮ್ ಆಡಿ ನೋಡಲು ಬಂದ ಆರು ಜನರಲ್ಲಿ ಆರೂ ಜನ!

ನಾನು ಬರೆದ ಮೂರನೇ ಅಧ್ಯಾಯದಲ್ಲಿ ಕನ್ನಡಿಗೆ ಕೆಲಸವೇ ಇಲ್ಲ. ಅದು ಎರಡನೆಯದರಲ್ಲಿ. ಅಲ್ಲಿರುವುದು ಪಕ್ಕದ ಲೋಕ — ಕನ್ನಡಿ ದಾಟಿದರೆ ಸಿಗುತ್ತದೆ, ನಾವು ಹೋದರೂ ಬಿಟ್ಟರೂ ಅದರ ಪಾಡಿಗೆ ಅದು ಇರುತ್ತದೆ. ಮೂರನೆಯದು ಕವಲು ಕಾಲ. ಗೇಮಿನ ಹುಡುಗಿ ನಲವತ್ತು ವರ್ಷ ಹಿಂದಕ್ಕೆ ಹೋಗಿ, ಮುಳುಗಲಿರುವ ದೋಣಿ ಹತ್ತದಂತೆ ತನ್ನ ಅಜ್ಜಿಯನ್ನು ತಡೆಯಬೇಕು. ತಡೆದರೆ ಮಾತ್ರ ಅವರಿರುವ ಇವತ್ತು ಹುಟ್ಟುತ್ತದೆ. ಇಷ್ಟು ಅರ್ಥವಾಗುವುದಿಲ್ಲವೇ ಜನಕ್ಕೆ?

ಬಾಸ್ ಕರೆದರು. ಬೆನ್ನ ಹಿಂದೆ ಎಲ್ಲರೂ ಅವರನ್ನು ಕತ್ತರಿ ಅನ್ನುತ್ತೇವೆ. "ನೋಡಮ್ಮ, ಶುಕ್ರವಾರ ಹನ್ನೆರಡರೊಳಗೆ ಹೊರಗಿನವರು ಒಬ್ಬರಾದ್ರೂ, ನೀನು ತುಟಿ ಬಿಚ್ಚದೆ, ಅಜ್ಜಿನ ಉಳಿಸ್ಲಿ. ಇಲ್ಲಾಂದ್ರೆ ಆ ಅಧ್ಯಾಯ ತೆಗೆದುಬಿಡ್ತೀನಿ."

ಎಂಟು ತಿಂಗಳ ಕೆಲಸ.

ಮಂಗಳವಾರ, 10

ಕಣ್ಣಿಗೆ ಬೀಳಲಿ ಅಂತ ಗೇಮಿನ ಅಜ್ಜಿಗೆ ಕೆಂಪು ಕೊಡೆ ಕೊಟ್ಟೆ. ದೋಣಿಯತ್ತ ಬಾಣದ ಗುರುತು ಹಾಕಿದೆ. ಕೋಡಿಂಗ್ ಮಾಡುವ ಗಡ್ಡದವನು ಈ ಅಧ್ಯಾಯದ ಕನ್ನಡಿಗಳನ್ನೇ ಕಿತ್ತುಹಾಕಿದ. ಈಗ ಆಡುವವರು ಗೋಡೆಗೆ ಗುದ್ದುತ್ತಿದ್ದಾರೆ.

ಗುರುವಾರ, 12. ಮನೆ, ಸಂಜೆ 6

ನಿನ್ನೆ ಬರೆಯಲಿಲ್ಲ. ತಲೆ ಚಚ್ಚಿಕೊಳ್ಳುವುದಕ್ಕೇ ಹೊತ್ತು ಸಾಲಲಿಲ್ಲ.

ಗತಿಯಿಲ್ಲದೆ ಅಪ್ಪನ ಕೈಗೆ ಕಂಟ್ರೋಲರ್ ಕೊಟ್ಟೆ. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವರು. ಗೇಮ್ ಅಂದರೆ ಮೂಗು ಮುರಿಯುತ್ತಾರೆ. ಕನ್ನಡಕ ಏರಿಸಿ ಟಿವಿಯ ಹತ್ತಿರಕ್ಕೇ ಹೋದರು. ಅಜ್ಜಿಯ ಮನೆಯ ಮುಚ್ಚಿದ ಬಾಗಿಲ ಮೇಲೆ ಬರುವ ಸುಳಿವನ್ನು ಓದಿದರು.

"ಅಜ್ಜಿ ಬದುಕಿದ್ದಾರೆ, ಬಾಗಿಲು ತೆರೆಯುತ್ತಾರೆ."

"ಬದುಕಿದ್ದರೆ, ಅಪ್ಪ."

"ಕಣ್ಣು ಬಿಟ್ಟು ನೋಡೇ. 'ದ್ದ'ಗೆ ದೀರ್ಘ ಇದೆ."

ಇತ್ತು!! ದಿನಾ ನೋಡಿದ್ದೇನೆ. ನಾನೇ ಟೈಪ್ ಮಾಡಿದ ತಪ್ಪು...

"ಇದ್ದಾರೆ ಅಂದ್ಮೇಲೆ ಜನ ಹುಡುಕದೆ ಬಿಡ್ತಾರಾ? ಎಲ್ಲೋ ಪಕ್ಕದಲ್ಲೇ ಇದ್ದಾರೆ ಅಂತ ಗೋಡೆ ಒಡೀತಾರೆ. ಇದ್ದರೆ ಅಂದ್ರೆ, ಈಗ ಇಲ್ಲ. ಹಿಂದಕ್ಕೆ ಹೋಗಿ ತಿದ್ದಬೇಕು. ಕರಡು ತಿದ್ದಿದ ಮೇಲೆ ಹಳೇ ಪುಟ ಇರಲ್ಲ. ಪಕ್ಕದ ಪುಸ್ತಕದ ಕತೆನೇ ಬೇರೆ."

ಕವಲು ಕಾಲ ಅನ್ನುವ ಮಾತನ್ನು ನಾನು ಎತ್ತಿಯೇ ಇರಲಿಲ್ಲ! ಕುಣಿದಾಡಿ ತಬ್ಬಿಕೊಂಡೆ. "ಬಿಡೇ, ಉಸಿರು ಕಟ್ತು" ಅಂದರು.

ಶುಕ್ರವಾರ, 13. ಅಡುಗೆಮನೆ, 11.20

ಅಪ್ಪ ಹಾಲ್‌ನಲ್ಲಿ, ದೀರ್ಘ ತೆಗೆದ ಗೇಮ್ ಆಡುತ್ತಿದ್ದಾರೆ. ಕತ್ತರಿ ವಿಡಿಯೋ ಕಾಲ್‌ನಲ್ಲಿ ಕಾವಲು. ನನ್ನ ಬಾಯಿ ಸುಮ್ಮನಿರುವುದಿಲ್ಲ ಅಂತ ಅಪ್ಪನೇ ಇಲ್ಲಿಗೆ ಅಟ್ಟಿದರು.

ಬುದ್ಧಿ ಚುರುಕು, ಬೆರಳು ನಿಧಾನ. ನಾಲ್ಕು ಸಲ ನದಿಗೆ ಬಿದ್ದರು.

"ನಿನ್ನ ಹುಡುಗಿಗೆ ಈಜು ಬರಲ್ವೇನೇ?"

ಉತ್ತರ ಕೊಡುವಂತಿಲ್ಲ. ಸೆರಗು ಕಚ್ಚಿಕೊಂಡು ಕೂತಿದ್ದೇನೆ.

11.50

ಐದನೇ ಸಲ. ಅಯ್ಯೋ ದೇವರೇ.

11.56

ಅಪ್ಪ ಟಿವಿಗೆ ಮೆಲ್ಲಗೆ ಹೇಳುತ್ತಿದ್ದಾರೆ — "ಆ ದೋಣಿ ಬೇಡಮ್ಮ. ಮಾತು ಕೇಳು. ಹತ್ತಬೇಡ..."

ಚಿಲಕದ ಸದ್ದು! ಕತ್ತರಿಯ ಕೂಗು: "ಸಾರ್, ಬಾಗಿಲು! ಬಾಗಿಲು!"

"ಬಂದ್ರು ಕಣೇ! ನಿನ್ನ ಅಜ್ಜಿ ಬಂದ್ರು! ತಲೆಯೆಲ್ಲ ಬೆಳ್ಳಗಾಗಿದೆ, ನಗ್ತಾ ಇದ್ದಾರೆ—"

ಕಣ್ಣೀರಿಗೆ ಅಕ್ಷರ ಕಾಣಿಸುತ್ತಿಲ್ಲ. ಹೋಗಿ ಅಪ್ಪನನ್ನು ತಬ್ಬಿಕೊಳ್ಳುತ್ತೇನೆ.