ತಲಿ ಮ್ಯಾಲೆ ನಂಬರ್ ಇಲ್ಲದ ಬೋಲ್ಟ್

ಜನವರಿ ೬, ೨೦೨೫. ಸೋಮವಾರ

ಇವತ್ತೂ ಅದ. ಕಂಪ್ಯೂಟರಿನಾಗಿನ ಬೋಲ್ಟ್ ಲೈಬ್ರರಿ ತೊಳಿಯೋದು. ಹನ್ನೆರಡು ಎಂಎಂ ಬೋಲ್ಟ್ ಇರೋದು ಒಂದ, ಹೆಸರು ಹನ್ನೊಂದು. 'ಬೋಲ್ಟ್ ನ್ಯೂ', 'ಬೋಲ್ಟ್ ಫೈನಲ್', 'ಬೋಲ್ಟ್ ಫೈನಲ್ ೨'... ಒಂದಕ್ಕಂತೂ ಬರೇ 'ಅಅಅ'. ನನಗಿಂತ ಮೊದಲು ಈ ಕುರ್ಚಿ ಮ್ಯಾಲೆ ಕೂತವ್ರು ಹೆಂತಾ ಮಂದಿ. ಬಚ್ಚಲ ತೂಬಿನಾಗಿನ ಕೂದಲಾ ಎಳದಂಗ, ಒಂದು ಎಳದ್ರ ಹತ್ತು ಬರ್ತಾವ. ಹೇಸಿಗಿ.

ಮನ್ಯಾಗ ಅವ್ವ ಕೇಳಿದ್ಲು, ದಿನಾ ಏನ ಮಾಡ್ತಿ ಅಲ್ಲಿ ಅಂತ. ಬೋಲ್ಟ್, ನಟ್, ವಾಷರ್ ಎಲ್ಲಾ ಕಂಪ್ಯೂಟರಿನಾಗ ತಯಾರ ಇರ್ತಾವ, ಆರಿಸಿ ಡ್ರಾಯಿಂಗಿಗೆ ಹಚ್ಚೋದು ಅಷ್ಟ ಅಂದ್ನಿ. ಆದ್ರ ಅದರಾಗ ಇಂಚಿನವು, ಜರ್ಮನಿಯವು, ಬಾಗಲಕೋಟ್ಯಾಗ ಎಂದೂ ಸಿಗಲಾರದವು ತುಂಬ್ಯಾವ. ನಮ್ಮ ಸ್ಟೋರಿನಾಗ ಇದ್ದವನ್ನಷ್ಟ ಉಳಿಸಿ, ಒಂದೊಂದಕ್ಕೂ ಸ್ಟೋರ್ ನಂಬರ್ ಹಚ್ಚಬೇಕು.

"ಅಂದ್ರ ಅಡಗಿ ಮನಿ ಡಬ್ಬಿಗೆ ಚೀಟಿ ಹಚ್ಚಿದಂಗ" ಅಂದ್ಲು. ಹೌದು. ಅಷ್ಟ.

ಜನವರಿ ೯

ವಿಜಯಮಹಾಂತೇಶ ಸರ್ ಹಿಂದ ನಿಂತು ಅರ್ಧ ತಾಸು ನೋಡಿದ್ರು. ಪಾಲಿಟೆಕ್ನಿಕ್‌ನಾಗ ನಮಗ ಮಷಿನ್ ಡ್ರಾಯಿಂಗ್ ಕಲಿಸಿದವ್ರು. ಒಂದು ಗೆರಿ ದಪ್ಪ ಆದ್ರ ಹಾಳಿ ಹರದು ಕೈಯಾಗ ಕೊಡ್ತಿದ್ರು. ರಿಟೈರ್ ಆದಮ್ಯಾಲೆ ಇಲ್ಲಿ ಡಿಸೈನ್ ಹೆಡ್. ನನ್ನ ಇಲ್ಲಿ ಹಚ್ಚಿದವ್ರೂ ಅವರ.

"ಜಯಶ್ರೀ, ಸ್ವಚ್ಛ ಕೆಲಸ" ಅಂದ್ರು. ಮೂರು ವರ್ಷ ಕಲಿಸಿದಾಗ ಒಮ್ಮೆನೂ ಅಂದಿದ್ದಿಲ್ಲ.

ಜನವರಿ ೨೨

ಮುಗೀತು. ಎರಡುನೂರಾ ಹದಿನಾಲ್ಕು ಸಾಲು. ಸ್ಟೋರಿನ ಫರಹಾನಾ ಮ್ಯಾಲೆ ಬಂದು ಪರೀಕ್ಷಾ ಮಾಡಿದ್ಲು. ಕಣ್ಣ ಮುಚ್ಚಿ ಒಂದು ಬೋಲ್ಟ್ ಆರಿಸು ಅಂದ್ಲು, ಆರಿಸಿದ್ನಿ, ಸ್ಟೋರ್ ನಂಬರಿನ ಚೀಟಿ ಬಂತು. ಕೆಳಗ ಹೋಗಿ ಅದ ನಂಬರಿನ ಖಾನೆ ತಗದು ಅದ ಬೋಲ್ಟ್ ತಂದು ಟೇಬಲ್ ಮ್ಯಾಲೆ ಇಟ್ಲು. ಇಬ್ರೂ ನಕ್ವಿ. ಇಷ್ಟು ಖುಷಿ ಯಾವುದಕ್ಕೂ ಆಗಿದ್ದಿಲ್ಲ.

ಫೆಬ್ರುವರಿ ೫

ಸರ್ ತಮ್ಮ ಖೋಲಿಗೆ ಕರದ್ರು. ನಮ್ಮ ಕಂಪನಿ ಮಾಡೋ ಜಿಬ್ ಕ್ರೇನ್— ನೆಟ್ಟಗ ಒಂದು ಕಂಬ, ಮ್ಯಾಲೆ ಸುತ್ತಲೂ ತಿರಗೋ ತೋಳು, ಕಲ್ಲು-ಗಿಲ್ಲು ಭಾರ ಎತ್ತಾಕ. ತೋಳು ಕಂಬಕ್ಕ ಹಿಡಕೊಂಡು ನಿಲ್ಲೋದು ಎಂಟ ಬೋಲ್ಟಿನ ಮ್ಯಾಲೆ. ಅದಕ್ಕ ಬೇಕಾದ ಗಟ್ಟಿ ಬೋಲ್ಟ್, ೮.೮ ಅಂತ ತಲಿ ಮ್ಯಾಲೆ ಬರದಿರ್ತೈತಿ, ಬರೋದು ಇನ್ನೂ ಒಂದು ತಿಂಗಳು ತಡ. ಸಾದಾವು ಸ್ಟೋರಿನಾಗ ರಾಶಿ ಬಿದ್ದಾವ. ಅದ ಅಳತಿ, ಅದ ಉದ್ದ. ಬಲ ಅರ್ಧ.

ಲೈಬ್ರರಿಯಾಗ ಒಂದು ಹೊಸ ಸಾಲು ಹಾಕು ಅಂದ್ರು. ಗಿರಾಕಿಗೆ ಹೋಗೋ ಡ್ರಾಯಿಂಗಿನಾಗ ೮.೮ ಅಂತ ಅಚ್ಚಾಗಬೇಕು. ಸ್ಟೋರಿಗೆ ಹೋಗೋ ಚೀಟಿಯಾಗ ಸಾದಾ ಬೋಲ್ಟಿನ ನಂಬರ್ ಬರಬೇಕು.

"ಸರ್, ಇದು ಸುಳ್ಳ ಆಗ್ತೈತಲ್ರಿ" ಅಂದ್ನಿ.

"ಈಗಿನ ಮಟ್ಟಿಗೆ ಅಷ್ಟವ್ವ. ಗಟ್ಟಿವು ಬಂದ್ವು ಅಂದ್ರ ನಾವ ಹೋಗಿ ಬದಲಿ ಮಾಡೋಣು."

ಹೇಳುಮುಂದ ನನ್ನ ಮುಖ ನೋಡಲಿಲ್ಲ. ಹಲ್ಲಿನ ಸಂದಿಯಾಗ ಸಿಕ್ಕ ಅಡಕಿ ನಾಲಿಗಿಲೇ ಕೆದರ್ಕೋತ ಹೇಳಿದ್ರು. ಆ ಸಪ್ಪಳ ಇನ್ನೂ ಕಿವ್ಯಾಗೈತಿ.

ಫೆಬ್ರುವರಿ ೬

ಮಾಡಿದ್ನಿ. ಮೂರು ನಿಮಿಷ ಹಿಡೀತು.

ಫೆಬ್ರುವರಿ ೨೦

ಫರಹಾನಾ ಊಟದಾಗ ಕೇಳಿದ್ಲು— ಕ್ರೇನಿನ ಬೋಲ್ಟಿನ ತಲಿ ಮ್ಯಾಲೆ ನಂಬರ್ ಇಲ್ಲಲ್ಲ, ಚೀಟಿ ಬರೋಬ್ಬರಿ ಐತೇನು ಅಂತ. ಬರೋಬ್ಬರಿ ಐತಿ ಅಂದ್ನಿ. ಆಕಿ ಗೋಣು ಹಾಕಿ ರೊಟ್ಟಿ ಮುರಕೊಂಡ್ಲು. ಇನ್ನೊಮ್ಮೆ ಕೇಳಲಿಲ್ಲ. ಕೇಳಿದ್ರ ಚಲೋ ಇತ್ತು.

ಮಾರ್ಚ್ ೧೯. ಸಂಜಿ ಐದು

ಇಳಕಲ್ಲಿನ ಗ್ರಾನೈಟ್ ಪಾಲಿಶ್ ಘಟಕದಾಗ ನಮ್ಮ ಕ್ರೇನಿನ ತೋಳು ಕಿತ್ತು ಬಿದ್ದೈತಿ. ಎತ್ತಿದ್ದ ಕಲ್ಲಿನ ಚಪ್ಪಡಿ ಮಾಳಪ್ಪ ಅನ್ನೋ ಕೆಲಸಗಾರನ ಬಲಗಾಲ ಮ್ಯಾಲೆ. ಬಾಗಲಕೋಟಿಗೆ ದವಾಖಾನಿಗೆ ತರಾಕ ಹತ್ಯಾರಂತ.

ಎಂಟರಾಗ ಐದು ಬೋಲ್ಟ್ ಕಡದಾವ.

ಕೈ ಮೂರು ಸಲ ತೊಳಕೊಂಡ್ನಿ. ಯಾಕೋ ಗೊತ್ತಿಲ್ಲ.

ಮಾರ್ಚ್ ೨೦

ಸರ್ ಜೋಡಿ ಇಳಕಲ್ಲಿಗೆ ಹೋಗಿದ್ನಿ. ಕಂಪನಿ ಗಾಡಿ.

ಪಾಲಿಶ್ ನೀರು, ಕಲ್ಲಿನ ರಾಡಿ, ಅದರಾಗ ರಕ್ತ ಕೂಡಿ ಒಂದು ಥರಾ ಕಂದು ಬಣ್ಣ ಆಗಿತ್ತು. ಒಬ್ಬ ಪೈಪ್ ಹಿಡದು ತೊಳೀಲಿಕತ್ತಿದ್ದ. ಅಲ್ಲೇ ಬಾಜೂಕ ಕುರ್ಚಿ ಹಾಕಿ ನಮಗ ಚಹಾ ಕೊಟ್ರು. ಘಟಕದ ಮಾಲಕ ಮತ್ತ ಸರ್ ಕೂಡಿ ಕೂತು ಮಾತು ಒಂದು ಮಾಡಿಕೊಂಡ್ರು. ಮಾಳಪ್ಪ ಒಂದು ಚಪ್ಪಡಿ ಎತ್ತೋ ಕಡೆ ಎರಡು ಎತ್ಯಾನ, ತಪ್ಪು ಅವಂದು, ಪೊಲೀಸರಿಗೆ ಹಂಗ ಬರಸೋದು ಅಂತ. ಅವ ಎತ್ತಿದ್ದು ಒಂದ. ಒಡದ ಚಪ್ಪಡಿ ಎದುರಿಗೇ ಬಿದ್ದಿತ್ತು, ಒಂದ.

ಕಡದ ಬೋಲ್ಟ್ ಎಲ್ಲಾ ಸರ್ ತಾವ ಆರಿಸಿ ಚೀಲಕ್ಕ ಹಾಕಿ ಗಾಡಿಯಾಗ ಇಟ್ರು.

ನಾ ಏನ ಮಾಡಿದ್ನಿ? ಚಹಾ ಕುಡದ್ನಿ. ಪೂರ್ತಿ. ಕಪ್ಪಿನ ತಳದಾಗಿನ ಸಕ್ರಿ ಸುದ್ದಾ. ವಾಪಸ್ ಬರುಮುಂದ ಅಮೀನಗಡದ ಹತ್ರ ಗಾಡಿ ನಿಲ್ಲಿಸಿ ವಾಂತಿ ಮಾಡಿದ್ನಿ. ಸರ್ ನೀರಿನ ಬಾಟ್ಲಿ ಕೊಟ್ರು. ತಗೊಳ್ಳಲಿಲ್ಲ.

ಮಾರ್ಚ್ ೨೧

ಮಾಳಪ್ಪನ ಕಾಲು ಮಣಕಾಲ ಕೆಳಗ ತಗದಾರ.

ಸರ್ ಬಂದ್ರು. "ಆ ಸಾಲು ಅಳಿಸಿಬಿಡು. ಲೈಬ್ರರಿ ಸ್ವಚ್ಛ ಆಗಲಿ" ಅಂದ್ರು. ಸ್ವಚ್ಛ. ಅದ ಬಾಯಿ, ಅದ ಶಬ್ದ. ಹೂಂ ಅಂದ್ನಿ.

ಅಳಿಸಲಿಲ್ಲ. ಆ ಸಾಲು ಯಾವ ಯಾವ ಡ್ರಾಯಿಂಗಿನಾಗ ಬಳಸೈತಿ ಅಂತ ಕಂಪ್ಯೂಟರಿಗೆ ಕೇಳಿದ್ನಿ. ಒಂದು ಬಟನ್ ಒತ್ತಿದ್ರ ಹೇಳ್ತೈತಿ ಅದು, ಹಂಗ ಕಟ್ಟಿದಾಕಿ ನಾನ. ಏಳು ಕ್ರೇನ್. ಬಿದ್ದದ್ದು ಒಂದು. ಉಳದ ಆರು ಇನ್ನೂ ಭಾರ ಎತ್ತಾಕ ಹತ್ಯಾವ. ಇಳಕಲ್ ಎರಡು, ಹುನಗುಂದ ಒಂದು, ಬಾದಾಮಿ ಎರಡು, ಕಲಾದಗಿ ಒಂದು.

ಯಾದಿ ಪ್ರಿಂಟ್ ತಗದ್ನಿ. ಲೈಬ್ರರಿ ಪೂರ್ತಿ ಪೆನ್ ಡ್ರೈವಿಗೆ ಹಾಕ್ಕೊಂಡ್ನಿ. ಆ ಸಾಲಿನ ಬಾಜೂಕ ತಾರೀಖು ಐತಿ, ಮಾಡಿದವರ ಹೆಸರು ಐತಿ. ಜಯಶ್ರೀ. ಸರ್ ಹೆಸರು ಎಲ್ಲೂ ಇಲ್ಲ.

ಮಾರ್ಚ್ ೨೨. ಶನಿವಾರ

ರಜಾ ಹಾಕಿ ಮುಂಜಾನಿ ಬಸ್ಸಿಗೆ ಇಳಕಲ್. ಮೊದಲನೇ ಘಟಕದವ್ರು ಬೋಲ್ಟಿನ ಸಂಗತಿ ಕೇಳಿದ ಕೂಡ್ಲೆ ಕ್ರೇನ್ ಬಂದ್ ಮಾಡಿದ್ರು. ಎರಡನೇದರ ಮಾಲಕ ಗುಟಕಾ ಉಗಳಿ, ನಮ್ಮದು ಇನ್ನೂ ಬಿದ್ದಿಲ್ಲಲ್ಲ ಅಂದ. ಇವತ್ತು ಮಾಲು ಲೋಡ್ ಆಗಬೇಕು, ಸೋಮವಾರ ನೋಡೋಣು ಅಂದ. ಮಾಳಪ್ಪನ ಘಟಕ ಅಲ್ಲಿಂದ ಎರಡು ಕಂಪೌಂಡ್ ಆಚಿಗೆ.

ಏಣಿ ಹಚ್ಚಿಕೊಂಡು ಮ್ಯಾಲೆ ಹತ್ತಿದ್ನಿ. ಚೂಡಿದಾರಕ್ಕ ಗ್ರೀಸ್. ಕ್ರೇನ್ ನಡಸೋ ಹೆಣ್ಮಗಳು ನರ್ಗೀಸ ಅಂತ, ಆಕಿನ್ನೂ ಮ್ಯಾಲೆ ಕರದ್ನಿ. ಬೋಲ್ಟಿನ ತಲಿ ಮ್ಯಾಲೆ ಕೈ ಆಡಿಸಿ ನೋಡು, ಏನರ ಅಕ್ಷರ ಹತ್ತತಾವೇನು ಅಂದ್ನಿ. ಆಡಿಸಿದ್ಲು. ಎಂಟಕ್ಕೂ. ಕೆಳಗ ಇಳದು ರಿಮೋಟ್ ಮಾಲಕನ ಟೇಬಲ್ ಮ್ಯಾಲೆ ಇಟ್ಲು.

"ನೀವ ಎತ್ರಿ ಸಾವಕಾರ್ರ" ಅಂದ್ಲು.

ಅವ ಎತ್ತಲಿಲ್ಲ.

ಮಾರ್ಚ್ ೨೪

ನಿನ್ನೆ ಹುನಗುಂದ. ಹತ್ತಿ ಜಿನ್ನಿಂಗ್ ಮಿಲ್. ಮ್ಯಾನೇಜರ್ ಭಾಳ ಮರ್ಯಾದಿಲೇ ಕೇಳಿ, ಕ್ರೇನ್ ಬಂದ್ ಮಾಡಿಸಿ, ನಾ ಬಸ್ ಹತ್ತೋದ್ರಾಗ ನಮ್ಮ ಕಂಪನಿಗೆ ಫೋನ್ ಹಚ್ಯಾನ.

ಇವತ್ತು ಆಫೀಸಿನಾಗ ನನ್ನ ಲಾಗಿನ್ ಬಂದ್. ಕಂಪನಿ ಮಾಲಕರು, ನಾಳಿಂದ ಬರಬ್ಯಾಡ ಅಂದ್ರು. ಸರ್ ಎಲ್ಲಿ ಅಂತ ಕೇಳಿದ್ನಿ. ರಜಾ ಮ್ಯಾಲೆ ಅದಾರಂತ.

ಮಾರ್ಚ್ ೨೬. ಬಾದಾಮಿ ಬಸ್ ಸ್ಟ್ಯಾಂಡ್

ಎರಡೂ ಕಡೆ ಹೊಸಾ ಬೋಲ್ಟ್. ಮಿಂಚಾಕ ಹತ್ಯಾವ. ಏಣಿ ಹತ್ತಿ ನೋಡೇನಿ, ೮.೮, ಎಂಟಕ್ಕೆಂಟು. ನಿಮ್ಮ ವಯಸ್ಸಾದ ಸರ್ ನಿನ್ನೆ ಬಂದಿದ್ರು, ತಾವ ಪಾನಾ ಹಿಡದು ಬಿಚ್ಚಿ ಹಾಕಿದ್ರು, ನಾವು ಮಾಡ್ತೇವಿ ಅಂದ್ರೂ ಬಿಡಲಿಲ್ಲ ಅಂದ್ರು ಅಲ್ಲಿಯವ್ರು. ಹಳೇವು? ಚೀಲದಾಗ ಹಾಕ್ಕೊಂಡು ಹೋದ್ರು.

ಒಂದು ಕ್ಷಣ ಜೀವಕ್ಕ ಹಗುರ ಆತು. ಆಮ್ಯಾಲೆ ಹೊಳೀತು... ಇಷ್ಟು ಲಗೂನ ಗಟ್ಟಿ ಬೋಲ್ಟ್ ಎಲ್ಲಿಂದ ಬಂದ್ವು?

ಫರಹಾನಾಗ ಫೋನ್ ಮಾಡಿದ್ನಿ. ರಜಿಸ್ಟರ್ ನೋಡಿ ಹೇಳಿದ್ಲು, ಮಾರ್ಚ್ ಮೂರಕ್ಕ ಬಂದಾವ. ಡಿಸೈನಿಗೆ ತಿಳಿಸೇನಿ, ಸರ್ ಸಹಿ ಮಾಡ್ಯಾರ. ಡಬ್ಬಿ ಯಾರೂ ಒಡೀಲಿಲ್ಲ.

ಮೂರರಿಂದ ಹತ್ತೊಂಬತ್ತು. ಹದಿನಾರು ದಿನ. ಇಳಕಲ್ಲಿಗೆ ಹೋಗಿ ಎಂಟು ಬೋಲ್ಟ್ ಬದಲಿ ಮಾಡಾಕ ಒಂದು ಮಧ್ಯಾಹ್ನ ಸಾಕಿತ್ತು. ಛೀ. ಯಾರ ಮ್ಯಾಲೆ ಉಗಳಬೇಕು. ನಾನೂ ಹದಿನಾರು ದಿನ ಕೇಳಲಿಲ್ಲ, ಬಂದ್ವೇನ್ರಿ ಸರ್ ಅಂತ.

ಮಾರ್ಚ್ ೨೭

ಕಲಾದಗಿ. ಸಿಮೆಂಟ್ ಪೈಪ್ ಮಾಡೋ ಜಾಗಾ. ಬಸ್ಸು ತುಳಸಿಗೇರ್ಯಾಗ ಅರ್ಧ ತಾಸು ನಿಂತು ತಡ ಆತು.

ಸರ್ ಏಣಿ ಮ್ಯಾಲೆ ಇದ್ರು. ಅರವತ್ತೆರಡು ವಯಸ್ಸು. ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಎಂಟನೇ ಬೋಲ್ಟ್ ಬಿಗಿ ಮಾಡೋ ತನಕ ಇಳೀಲಿಲ್ಲ. ಇಳದು ನನ್ನ ನೋಡಿ, ಎಷ್ಟೋ ದಿನಕ್ಕ ಮುಖಾ ಕೊಟ್ಟು ಮಾತಾಡಿದ್ರು.

"ಇದು ಕಡೀದು. ನೀ ಬಂದ್ ಮಾಡಿಸಿದ ಇಳಕಲ್ಲಿನ ಎರಡು, ಹುನಗುಂದದ್ದು, ಅವೂ ಆದ್ವು. ಇನ್ನ ಯಾರ ಜೀವಕ್ಕೂ ಅಪಾಯ ಇಲ್ಲ ಜಯಶ್ರೀ."

"ಹಳೇ ಬೋಲ್ಟ್ ಎಲ್ಲಿ ಸರ್?"

ಹೊಳ್ಯಾಗ ಒಗದೇನಿ ಅಂದ್ರು, ಸಣ್ಣ ದನ್ಯಾಗ. ಘಟಪ್ರಭಾ ಅಲ್ಲೇ ಬಾಜೂಕ.

ಮಾಳಪ್ಪ ಎರಡು ಚಪ್ಪಡಿ ಎತ್ತಿದ್ದ ಅಂತ ಬರಸೀರಲ್ಲ, ಅದರದೇನು ಅಂತ ಕೇಳಿದ್ನಿ. ಕಾಲು ಹೊಳ್ಳಿ ಬರಂಗಿಲ್ಲ ಅಂದ್ರು. ಬೋಲ್ಟ್ ಇಲ್ಲ, ಸಾಕ್ಷಿ ಇಲ್ಲ, ಈಗ ಬಾಯಿ ಬಿಟ್ರ ಸಿಗೋದು ಒಂದ ಹೆಸರು, ಅದು ನಿಂದು, ನಾ ಉಳಿಸಾಕ ಹತ್ತಿದ್ದು ನಿನ್ನ ಅಂದ್ರು. ಹೇಳುಮುಂದ ಕಣ್ಣಾಗ ನೀರು. ಖರೇನ ನೀರು. ಅದು ನೋಡಿ ಇನ್ನೂ ಅಸಹ್ಯ ಆತು. ಕೈಯಾಗ ಕಪ್ಪು ಎಣ್ಣಿ, ಅದ ಕೈಲೇ ಕಣ್ಣ ಒರಸ್ಕೊಂಡ್ರು.

ಇದ ಮನಷಾ ನನಗ ಗೆರಿ ಎಳಿಯೋದು ಕಲಿಸಿದ್ದು.

ಏಪ್ರಿಲ್ ೨

ಐದು ದಿನ ಏನೂ ಬರೀಲಿಲ್ಲ. ಯುಗಾದಿ ಬಂತು, ಹೋತು. ಬೇವು ಬಾಯಾಗ ಇಟ್ಟಾಗ ಏನೂ ಅನಸಲಿಲ್ಲ.

ಇವತ್ತು ಇಳಕಲ್ ಪೊಲೀಸ್ ಠಾಣೆಗೆ ಹೋದ್ನಿ. ಅವ್ವಗ ಹೇಳೇ ಹೋದ್ನಿ. ಆಕಿ ಸೆರಗಿನ ತುದಿ ಹಿಂಡಿಕೋತ ನಿಂತ್ಲು, ಬ್ಯಾಡ ಅನ್ನಲಿಲ್ಲ.

ಪಿಎಸ್ಐ ಸಾಹೇಬ್ರಿಗೆ ಪೆನ್ ಡ್ರೈವ್ ಕೊಟ್ನಿ, ಏಳು ಕ್ರೇನಿನ ಯಾದಿ ಕೊಟ್ನಿ. ಆ ಸಾಲು ತೋರಿಸಿದ್ನಿ. ಡ್ರಾಯಿಂಗಿನಾಗ ಏನು ಅಚ್ಚಾಗತೈತಿ, ಸ್ಟೋರಿಗೆ ಏನು ಹೋಗತೈತಿ. ಎರಡು ಸಲ ಹೇಳಬೇಕಾತು. ಮೂರನೇ ಸಲ ಅವರ ನನಗ ಹೇಳಿದ್ರು, ಬರೋಬ್ಬರಿ.

"ಇದನ್ನ ಹಾಕಿದವ್ರು ಯಾರು?"

"ನಾನ ರಿ."

ಬರಿಯೋ ಪೆನ್ನು ನಿಂತಿತು. ಹಾಕು ಅಂತ ಹೇಳಿದವ್ರು ಯಾರು ಅಂತ ಆಮ್ಯಾಲೆ ಕೇಳಿದ್ರು. ಅದನ್ನೂ ಹೇಳಿದ್ನಿ. ಸಹಿ ಮಾಡಿದ್ನಿ. ನನ್ನ ಹೆಸರೂ ಆರೋಪದಾಗ ಬರ್ತೈತಿ, ತಿಳದೈತೇನು ಅಂದ್ರು. ತಿಳದೈತಿ. ಮಾಳಪ್ಪನ ಮ್ಯಾಲೆ ಬರದಿದ್ದು ಮಾತ್ರ ಇನ್ನ ನಿಲ್ಲಂಗಿಲ್ಲ ಅಂದ್ರು.

ಮಧ್ಯಾಹ್ನ ಫರಹಾನಾ ಫೋನ್. ಮಾರ್ಚ್ ಮೂರರ ಸರ್ ಸಹಿ ಇದ್ದ ಹಾಳಿ ಆಕಿ ಕಡೆ ಐತಂತ. ನಾಳಿ ತಾನೂ ಠಾಣೆಗೆ ಬರ್ತೇನಿ ಅಂದ್ಲು. ನಾ ಆಕಿಗೆ ಸುಳ್ಳ ಹೇಳಿದ್ದು ಕ್ಷಮಿಸಿಲ್ಲ, ಅದೂ ಅಂದ್ಲು.

ಏಪ್ರಿಲ್ ೩. ಬಾಗಲಕೋಟಿ, ದವಾಖಾನಿ. ಹನ್ನೊಂದು ಗಂಟೆ

ವಾರ್ಡಿನ ಹೊರಗ ಬೆಂಚ್. ಡೆಟ್ಟಾಲು, ಕೀವು, ಯಾರದೋ ಡಬ್ಬಿಯಾಗಿನ ಹುಳಿ ವಾಸನಿ. ಒಳಗ ಮಾಳಪ್ಪಗ ಡ್ರೆಸ್ಸಿಂಗ್ ನಡದೈತಿ.

ಪೊಲೀಸರಿಗೆ ಹೇಳೋದು ಹಗುರಿತ್ತು. ಅವ್ರಿಗೆ ಎರಡೂ ಕಾಲು ಇದ್ವು.

ಅವನ ಹೆಂಡ್ತಿ ಸೋಮವ್ವ ನನ್ನ ಪಕ್ಕಕ್ಕ ಕೂತಾಳ. ಕಂಪನಿಯಾಕಿ ಅಂದ್ನಿ, ಅಷ್ಟ. ಇಷ್ಟು ದಿನ ಯಾರೂ ಬಂದಿದ್ದಿಲ್ಲ ಅಕ್ಕಾರ, ನೀವರ ಬಂದ್ರಿ ಅಂದ್ಲು. ತನ್ನ ಬಾಟ್ಲಿಯಾಗಿನ ಮಜ್ಜಿಗಿ ಲೋಟಕ್ಕ ಹಾಕಿ ಕೊಟ್ಲು. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ಕೈಯಾಗ ಹಂಗ ಹಿಡದೇನಿ. ಎಡಗೈಯಾಗ ಲೋಟ, ಬಲಗೈಯಾಗ ಇದು ಬರೀಲಿಕತ್ತೇನಿ. ನನ್ನ ಮ್ಯಾಲೆ ನನಗ ಎಷ್ಟು ಹೇಸಿಗಿ ಅಂದ್ರ—

ನರ್ಸ್ ಹೊರಗ ಬಂದ್ಲು. ಸೋಮವ್ವ ಒಳಗ ಹೋಗಿ, ಬಾಗಲದಾಗ ನಿಂತು ಕರೀಲಿಕತ್ತಾಳ. ಎಚ್ಚರ ಅದಾನ ಬರ್ರಿ, ಬರ್ರಿ ಅಂತ.

ಎಲ್ಲಿಂದ ಶುರು ಮಾಡ್ಲಿ. ನಮಸ್ಕಾರ ಅನ್ನಬೇಕೋ, ಬ್ಯಾಡೋ. ಮಾಳಪ್ಪಣ್ಣ, ಆ ಬೋಲ್ಟು ನಾ—