ಎರಡನೇ ಕ್ಯಾಮೆರಾದ ಜೊತೆ ಕಳಿಸಿದ ಕಾಗದ

ಕಲ್ಲುಗುಂಡಿ
3 ಫೆಬ್ರವರಿ 2025

ಪ್ರೀತಿಯ ಭವಿತಾ,

ಪುತ್ತೂರಿನ ಸ್ಟುಡಿಯೋ ಮಾಲಕಿಗೆ ಸೋದರಮಾವನ ಆಶೀರ್ವಾದ. ಕ್ಯಾಮೆರಾದ ವಿಷಯದಲ್ಲಿ ನನ್ನಷ್ಟು ತಿಳಿದವರು ಈ ಜಿಲ್ಲೆಯಲ್ಲಿ ಇನ್ನು ಹುಟ್ಟಬೇಕಷ್ಟೆ. ನಾನು ಕ್ಯಾಮೆರಾ ಹಿಡಿದು ಸಂಪಾಜೆ ಘಾಟಿಯಲ್ಲಿ ನಿಂತರೆ ಕಾಡಾನೆಗಳು ತಾವಾಗಿ ಇಳಿದು ಬಂದು, ಎತ್ತರದವು ಹಿಂದೆ, ಮರಿಗಳು ಮುಂದೆ, ಸಾಲಾಗಿ ನಿಲ್ಲುತ್ತವೆ. ಒಮ್ಮೆ ಒಂದು ಮರಿ ಕಣ್ಣು ಮುಚ್ಚಿತೆಂದು ಅದರ ತಾಯಿ ಇನ್ನೊಂದು ತೆಗೆಯಿರಿ ಎಂದು ಸೊಂಡಿಲು ಎತ್ತಿ ತೋರಿಸಿತು. ಅಂಥವನು ಹೇಳುತ್ತಿದ್ದೇನೆ, ಕೇಳು. ನಿನ್ನ ಎರಡನೇ ಕ್ಯಾಮೆರಾ ಫುಲ್‌ಫ್ರೇಮ್ ಆಗುವುದು ಬೇಡ, ಕ್ರಾಪ್ ಸೆನ್ಸರಿನದೇ ಸರಿ. ನಮ್ಮೂರ ಸ್ಟುಡಿಯೋದ ಅಲಿ ಕುಂಞಿ ತಂದುಕೊಟ್ಟ ಪೆಟ್ಟಿಗೆಯಲ್ಲಿ ಅದೇ ಉಂಟು.

ಫುಲ್‌ಫ್ರೇಮ್ ತನ್ನಿ ಎಂದು ನೀನು ಹಣ ಕೊಟ್ಟದ್ದು ಮರೆತಿಲ್ಲ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಪ್ರಶ್ನೆ ಕೇಳುತ್ತಿ. ಕಾಗದದಲ್ಲಿ ಆ ತೊಂದರೆ ಇಲ್ಲ.

ಕೊಯಿಲದ ಮದುವೆಯಲ್ಲಿ ಸರಿಯಾಗಿ ಧಾರೆಯ ಹೊತ್ತಿಗೆ ನಿನ್ನಲ್ಲಿದ್ದ ಒಂದೇ ಕ್ಯಾಮೆರಾ ನಿಂತುಹೋದದ್ದು ನನ್ನನ್ನೂ ನಿದ್ದೆಗೆಡಿಸಿದೆ. ಇನ್ನೊಮ್ಮೆ ಧಾರೆ ಎರೆಯಿರಿ ಎಂದು ಕೇಳಲಿಕ್ಕೆ ಆಗುತ್ತದಾ? ಮದುಮಗಳ ಚಿಕ್ಕಪ್ಪ ಮೊಬೈಲಿನಲ್ಲಿ ತೆಗೆದದ್ದೇ ಆಲ್ಬಮಿಗೆ ಹೋಯಿತು. "ಇನ್ನೊಮ್ಮೆ ಹೀಗಾದ್ರೆ ಕಡಬ ಕಡೆಯಲ್ಲಿ ನನ್ನನ್ನು ಯಾರೂ ಕರೆಯುದಿಲ್ಲ ಮಾವ" ಎಂದು ನೀನು ಹೇಳಿದ್ದು ಕಿವಿಯಲ್ಲೇ ಉಂಟು. ಹದಿನಾರಕ್ಕೆ ನೀನು ಒಪ್ಪಿಕೊಂಡ ಮುಂದಿನ ಮದುವೆ ಕಡಬದಲ್ಲೇ. ಹಾಗಾಗಿ ತಮಾಷೆ ಬಿಟ್ಟು ಬರೆಯುತ್ತೇನೆ.

ಬೆಳಕು ಹಿಡಿಯುವ ಒಳಗಿನ ತಟ್ಟೆ ಫುಲ್‌ಫ್ರೇಮಿನಲ್ಲಿ ದೊಡ್ಡದು, ಕ್ರಾಪಿನಲ್ಲಿ ಸಣ್ಣದು. ಸಣ್ಣ ತಟ್ಟೆಯಲ್ಲಿ ಚಿತ್ರದ ಅಂಚು ಹೊರಗೆ ಉಳಿದು ನಡುಭಾಗ ಮಾತ್ರ ಬೀಳುತ್ತದೆ. ಅಂದರೆ ದೂರದ್ದು ಹತ್ತಿರ ಬಂದಂತೆ. ಅಳತೆ ನೋಡಲಿಕ್ಕೆಂದು ನೀನು ಕೊಟ್ಟಿದ್ದ ಉದ್ದ ಲೆನ್ಸ್ ಇದಕ್ಕೆ ಚೆನ್ನಾಗಿ ಕೂತಿತು, ಬ್ಯಾಟರಿಯೂ ನಿನ್ನದರದ್ದೇ. ಹಲಸಿನ ಮರದ ಬುಡದಲ್ಲಿ ನಿಂತು, ಜಗಲಿಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ ನಿನ್ನ ಕುಮುದಿನಿ ಅತ್ತೆಯ ಮುಖ ತೆಗೆದೆ. ಅವಳು ಹಾಗೆ ಬಾಯಿ ತುಂಬ ನಗುವುದನ್ನು ನೋಡದೆ ಎಷ್ಟು ಕಾಲವಾಗಿತ್ತೋ. ಮಾತು ನನ್ನ ಬಗ್ಗೆಯೇ ಎಂದು ಆಮೇಲೆ ಗೊತ್ತಾಯಿತು. ಇರಲಿ, ಹಲ್ಲೊಂದೊಂದೂ ಸ್ಪಷ್ಟ. ಮಂಟಪದ ಹತ್ತಿರ ರಿಪೇರಿಯಾದ ನಿನ್ನ ದೊಡ್ಡ ಫುಲ್‌ಫ್ರೇಮ್ ಹಿಡಿದು ನೀನು ನಿಲ್ಲು, ಇದನ್ನು ಹೆಗಲಿಗೆ ಹಾಕಿಕೋ. ಮದುಮಗಳ ತಾಯಿ ಕಂಬದ ಹಿಂದೆ ಕಣ್ಣೊರೆಸುವಾಗ ಹತ್ತಿರ ಹೋಗಿ ಅವರನ್ನು ನಾಚಿಸಬೇಕಾಗಿಲ್ಲ.

ದೋಷ ಇಲ್ಲವೆಂದಲ್ಲ. ಅಡುಗೆಕೋಣೆಯ ಮಬ್ಬಿನಲ್ಲಿ ತೆಗೆದದ್ದು ರವೆ ಚೆಲ್ಲಿದ ಹಾಗೆ ಬಂತು. ಕತ್ತಲೆಗೆ ನಿನ್ನ ದೊಡ್ಡದೇ ಬೇಕು. ಮತ್ತೆ ಅಂಗಳದಿಂದ ಅತ್ತೆಯನ್ನೂ ಅವಳ ಮೂವರು ತಂಗಿಯರನ್ನೂ ಐವತ್ತು ಎಂ.ಎಂ. ಲೆನ್ಸಿನಲ್ಲಿ ಒಟ್ಟಿಗೆ ಹಿಡಿಯಲು ಹೋದರೆ ಕೊನೆಯ ತಂಗಿ ಅರ್ಧವೇ ಸಿಗುತ್ತಾಳೆ. ಹಿಂದೆ ಹಿಂದೆ ಹೋದೆ. ಅತ್ತೆ ಹೇಳಿದಳು, "ಇನ್ನೂ ಹೋದ್ರೆ ನೀವು ಸಂಪಾಜೆಗೆ ಮುಟ್ಟುದು. ಬರುವಾಗ ಬಸ್ಸಿಗೆ ಬನ್ನಿ." ಅಷ್ಟರಲ್ಲಿ ನಾನು ಒಣಗಲು ಹಾಕಿದ ಕಾಳುಮೆಣಸಿನ ಮೇಲೆ ಜಾರಿ ಕೂತಾಗಿತ್ತು. ಕ್ಯಾಮೆರಾ ಎತ್ತಿ ಹಿಡಿದಿದ್ದೆ, ಹೆದರಬೇಡ. ಈ ದೋಷಕ್ಕೆ ಅಲಿ ಕುಂಞಿ ಒಂದು ಅಗಲದ ಲೆನ್ಸನ್ನೂ ಪೆಟ್ಟಿಗೆಯಲ್ಲಿ ಇಟ್ಟಿದ್ದಾನೆ. ದೊಡ್ಡದು ಕೈಕೊಟ್ಟರೆ ಅದನ್ನು ಇದಕ್ಕೆ ಸಿಕ್ಕಿಸು, ಧಾರೆ ತಪ್ಪುವುದಿಲ್ಲ.

ಫುಲ್‌ಫ್ರೇಮ್ ನಾನು ಹುಡುಕಲೇ ಇಲ್ಲ ಎಂದುಕೊಳ್ಳಬೇಡ. ಒಬ್ಬರು ಮಿಲಿಟರಿ ಆಫೀಸರ್ ವರ್ಗವಾಗಿ ಹೋಗುವವರು, ಅರ್ಧ ಬೆಲೆಗೆ ಕೊಡುತ್ತೇನೆಂದು ಫೋನಿನಲ್ಲಿ ಸಿಕ್ಕಿದರು. ನನ್ನ ಹಿಂದಿ ಕೇಳಿ ತಾವು ದೆಹಲಿಯವರಾ ಎಂದು ವಿಚಾರಿಸಿದರು. ನಿಮ್ಮಷ್ಟು ಕ್ಯಾಮೆರಾ ತಿಳಿದವರಿಗೆ ಕೊಡುವುದೇ ನನ್ನ ಭಾಗ್ಯ ಎಂದರು. ಮನುಷ್ಯನಿಗೆ ಗುಣ ಗುರುತಿಸಲು ಬರುತ್ತಿತ್ತು. ಮುಂಗಡವೆಂದು ಎರಡು ಸಾವಿರ ಕಳಿಸಿದೆ. ಆಮೇಲೆ ಗೇಟ್ ಪಾಸಿಗೆಂದು ಸ್ವಲ್ಪ, ವಿಮೆಗೆಂದು ಸ್ವಲ್ಪ. ಒಟ್ಟು ಆರು ಸಾವಿರ ಎಂದು ಇಟ್ಟುಕೋ. ಈಗ ಆ ಫೋನ್ ಸತ್ತಿದೆ.

ಇಲ್ಲಿ ಪೇಟೆಯಲ್ಲಿ ಸ್ಟುಡಿಯೋ ಇಟ್ಟ ಅಲಿ ಕುಂಞಿಯೇ ನನ್ನನ್ನು ಪೊಲೀಸ್ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ದೂರು ಬರೆಸಿದ. ದಾರಿಯಲ್ಲಿ ಕೇಳಿದ, "ಮಾಯಿಲಣ್ಣ, ಅರ್ಧ ಕ್ರಯಕ್ಕೆ ಕೊಡುದಾದ್ರೆ ಅವನಿಗೆ ಅಲ್ಲಿಯೇ ಜನ ಇಲ್ವಾ ಮಾರಾಯ್ರೆ? ಕಲ್ಲುಗುಂಡಿಗೆ ಎಂತಕ್ಕೆ ಫೋನ್ ಮಾಡುದು?" ಈ ಪ್ರಶ್ನೆ ಅವನು ಒಂದು ವಾರ ಮೊದಲು ಕೇಳಬಹುದಿತ್ತು. ಪೆಟ್ಟಿಗೆಯಲ್ಲಿರುವುದು ಅವನದೇ ಕ್ಯಾಮೆರಾ. ಅರ್ಧ ಹಣ ಈಗ, ಉಳಿದದ್ದು ನಾನು ಮೆಣಸು ಮಾರಿದ ಮೇಲೆ ಎಂದು ಒಪ್ಪಿದ್ದಾನೆ. ನಿನಗೆ ಬೇಡವಾದರೆ ಶನಿವಾರದೊಳಗೆ ವಾಪಸು ತೆಗೆದುಕೊಳ್ಳುತ್ತಾನಂತೆ.

ಹದಿನಾರರ ಬೆಳಿಗ್ಗೆ ನಾನೂ ಕಡಬಕ್ಕೆ ಬರುತ್ತೇನೆ. ನಿನ್ನ ಬ್ಯಾಟರಿ ಹಿಡಿಯಲು, ಊಟಕ್ಕಲ್ಲ. ಊಟ ಹಾಕಿದರೆ ಬೇಡವೆನ್ನುವುದಿಲ್ಲ.

ಆನೆಗಳೂ ಮೆಚ್ಚಿದ ನಿನ್ನ
ಮಾಯಿಲಪ್ಪ ಮಾವ

ಮ.ಕೂ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಹೋದದ್ದು ಎರಡು ಸಾವಿರ ಎಂಬುದು ನಿನ್ನ ಅತ್ತೆಗೆ ಹೇಳಿದ ಲೆಕ್ಕ, ಆರು ಎಂಬುದು ನಿನಗೆ ಹೇಳೋಣವೆಂದುಕೊಂಡದ್ದು. ಎರಡೂ ಅಲ್ಲ. ನಿನ್ನ ಹಣ ನೀನು ಕಡಬದ ಮದುವೆಗಳಲ್ಲಿ ನಿಂತೇ ದುಡಿದದ್ದೆಂದು ನನಗೆ ಗೊತ್ತುಂಟು. ಈ ಸಲದ ಮೆಣಸೂ ಮುಂದಿನ ಸಲದ್ದೂ ನಿನ್ನದೇ. ನಿಜವಾದ ಲೆಕ್ಕ ಕೆಳಗೆ ಬರೆದಿದ್ದೇನೆ. ಅದನ್ನು ತಿಳಿದ ಮೇಲೆ ಕಾಗದವನ್ನು ಮೊದಲಿನಿಂದ ಓದಿ, ಯಾವ ಕ್ಯಾಮೆರಾ ಬೇಕೆಂದು ನೀನೇ ತೀರ್ಮಾನ ಮಾಡು. ಕ್ಯಾಮೆರಾದ ಬಗ್ಗೆ ಬರೆದದ್ದರಲ್ಲಿ ಸುಳ್ಳಿಲ್ಲ. ಸುಳ್ಳು ಆನೆಗಳ ಬಗ್ಗೆ ಮಾತ್ರ. ಅರುವತ್ತೆಂಟು ಸಾವಿರದ ಐನೂರು. ಐನೂರು ಆ ಆಫೀಸರ್ ಕೊರಿಯರಿಗೆಂದು ಕೇಳಿದ್ದು.